ಗುಂಡಿಲ್ಲದ ಬಂದೂಕು



ಹೋದ ಸಲ ಗೋಡೆ ಪತ್ರಿಕೆಗೆ ಗಾದೆಗಳನ್ನು ಬರೆದುಕೊಟ್ಟಿದ್ದೆ. ಈ ಸಲ ಒಬ್ಬ ದೊಡ್ಡ ವಿಜ್ಞಾನಿಯ ಜೀವನ ಬರೆದಿದ್ದೇನೆ. ಅವರ ಹೆಸರು ಎಟಿಯೆನ್ ಜೂಲ್ ಮಾರೆ. ಪೂರ್ತಿ ಹೆಸರು ನಾಲಿಗೆಗೆ ಕಷ್ಟ, ಮಾರೆ ಅಂದರೆ ಸಾಕು.

ಮಾರೆಯವರು 1830ರ ಮಾರ್ಚ್ 5ರಂದು ಫ್ರಾನ್ಸ್ ದೇಶದ ಬೋನ್ ಎಂಬ ಊರಿನಲ್ಲಿ ಜನಿಸಿದರು. ಅವರಿಗೆ ಇಂಜಿನಿಯರ್ ಆಗುವ ಆಸೆ. ಆದರೆ ತಂದೆಯ ಇಷ್ಟದಂತೆ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದಿದರು. ಡಾಕ್ಟರಾದರೂ ಯಂತ್ರ ಮಾಡುವ ಹುಚ್ಚು ಬಿಡಲಿಲ್ಲ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಮಾಡಿದರು. ಆಮೇಲೆ ಅವರ ಗಮನ ಹಾರುವ ಜೀವಿಗಳ ಕಡೆ ತಿರುಗಿತು.

ನೊಣ ಹಾರುವಾಗ ನಮಗೆ ಅದರ ರೆಕ್ಕೆ ಕಾಣೋದೇ ಇಲ್ಲ, ಬರೀ ಗುಂಯ್ ಅನ್ನೋ ಸದ್ದು. ಕಾಣದೆ ಇರೋದನ್ನು ಎಣಿಸೋದು ಹೇಗೆ? 1869ರ ಹೊತ್ತಿಗೆ ಮಾರೆಯವರು ಒಂದು ಉಪಾಯ ಮಾಡಿದ್ದರು. ಒಂದು ಉರುಳೆಗೆ ಕಾಗದ ಸುತ್ತಿ, ದೀಪದ ಹೊಗೆ ಹಿಡಿದು ಕಪ್ಪು ಮಾಡಿದರು. (ನಮ್ಮಜ್ಜಿ ಕಾಡಿಗೆ ಮಾಡೋದೂ ಹೀಗೇ.) ಹುಳವನ್ನು ಚಿಮಟದಲ್ಲಿ ಹಿಡಿದು, ರೆಕ್ಕೆಯ ತುದಿ ಮಸಿಗೆ ತಾಗುವಂತೆ ಇಟ್ಟರು. ಉರುಳೆ ತಿರುಗಿದಾಗ ರೆಕ್ಕೆ ಬಡಿದಲ್ಲೆಲ್ಲಾ ಬಿಳಿ ಗೀರು ಬಿತ್ತು. ಪಕ್ಕದಲ್ಲೇ ಶ್ರುತಿ ಕವೆಯೂ ಗೀರುತ್ತಿತ್ತು. ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಮೊದಲೇ ಗೊತ್ತಲ್ಲ, ಎರಡನ್ನೂ ಹೋಲಿಸಿ ಲೆಕ್ಕ ಹಾಕಿದರು. ಸೆಕೆಂಡಿಗೆ ನೊಣ 330 ಸಲ, ಜೇನುಹುಳ 190 ಸಲ, ಕಣಜ 110 ಸಲ, ಏರೋಪ್ಲೇನ್ ಚಿಟ್ಟೆ 28 ಸಲ, ಬಿಳಿ ಚಿಟ್ಟೆ ಬರೀ 9 ಸಲ ರೆಕ್ಕೆ ಬಡಿಯುತ್ತಿತ್ತು! ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕಿನ ಚೂರು ಅಂಟಿಸಿ ಬಿಸಿಲಲ್ಲಿ ನೋಡಿದರೆ 8ರ ಆಕಾರ ಹೊಳೆಯಿತು. ಲೆಕ್ಕದ ಪುಸ್ತಕದ 8, ನಮ್ಮ ಕನ್ನಡದ ೮ ಅಲ್ಲ.

ಇದನ್ನು ಓದುವಾಗ ನಂಗೆ ಒಂದು ವಿಷಯ ನೆನಪಾಯಿತು. ಹೋದ ವರ್ಷ ಕೆರೆ ಏರಿ ಮೇಲೆ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ್ದೆ. ಅದರ ಒಂದು ರೆಕ್ಕೆ ಮುರಿದುಹೋಯಿತು. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಕಟ್ಟಿದ ಹುಳ ಬಿಟ್ಟ ಹುಳದ ಹಾಗೇ ಹಾರುತ್ತಾ? ಮಸಿಗೆ ತಿಕ್ಕಿದರೆ ರೆಕ್ಕೆಯ ಬಡಿತ ನಿಧಾನವಾಗುತ್ತೆ ಅಂತ ಮಾರೆಯವರೇ ಕಂಡುಕೊಂಡಿದ್ದರು.

ಮುಟ್ಟದೇ ನೋಡಬೇಕಾದರೆ ಫೋಟೋ ತೆಗೆಯಬೇಕು. ಅಮೆರಿಕದಲ್ಲಿ ಮಯ್‌ಬ್ರಿಜ್ ಎಂಬುವರು 1878ರಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು, ಓಡುವ ಕುದುರೆಯ ಚಿತ್ರ ತೆಗೆದಿದ್ದರು. ಆದರೆ ಹಕ್ಕಿ ನಾವು ಕ್ಯಾಮೆರಾ ಇಟ್ಟ ದಾರಿಯಲ್ಲೇ ಹಾರುತ್ತಾ? ಅದಕ್ಕೇ ಮಾರೆಯವರು 1882ರಲ್ಲಿ ಫೋಟೋ ಬಂದೂಕು ಮಾಡಿದರು. ನಳಿಗೆಯಲ್ಲಿ ಗುಂಡಿನ ಬದಲು ಮಸೂರ. ಹಿಂದೆ ಒಂದು ಡಬ್ಬಿ, ಅದರೊಳಗೆ ಗಾಜಿನ ಫಲಕ ಮತ್ತು ಗಡಿಯಾರದಂಥ ಚಕ್ರಗಳು. ಬಂದೂಕಿನ ಕುದುರೆ ಎಳೆದರೆ ಒಂದು ಸೆಕೆಂಡಿನಲ್ಲಿ 12 ಚಿತ್ರ! ಒಂದೊಂದು ಚಿತ್ರಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ನೇ ಒಂದು ಭಾಗ ಮಾತ್ರ.

ಇದನ್ನು ಹಿಡಿದು ಇಟಲಿಯ ನೇಪಲ್ಸ್ ಹತ್ತಿರ ಕಡಲ ಹಕ್ಕಿಗಳಿಗೆ ಗುರಿ ಇಡುತ್ತಿದ್ದರು. ಢಂ ಅನ್ನೋದೂ ಇಲ್ಲ, ಹಕ್ಕಿ ಬೀಳೋದೂ ಇಲ್ಲ. ಅಲ್ಲಿಯ ಜನ ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರಂತೆ. ನಮ್ಮೂರಲ್ಲಾದರೂ ಹಾಗೇ ಅನ್ನುತ್ತಿದ್ದರು.

ಹುಳಗಳಿಗೆ ಸೆಕೆಂಡಿಗೆ 12 ಚಿತ್ರ ಏನೇನೂ ಸಾಲದು. 1890ರ ನಂತರ ಅವರು ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ, ಸೆಕೆಂಡಿನ 25,000ನೇ ಒಂದು ಭಾಗದಲ್ಲಿ ಹುಳದ ರೆಕ್ಕೆಯ ಚಿತ್ರ ತೆಗೆದರು. ಆಗಲೂ ಹುಳವನ್ನು ಹಿಡಿದೇ ಇಡಬೇಕಿತ್ತು.

1904ರ ಮೇ 15ರಂದು ಮಾರೆಯವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಶಿಷ್ಯ ಲೂಸಿಯನ್ ಬುಲ್ ವಿದ್ಯುತ್ ಕಿಡಿಯ ಬೆಳಕಿನಲ್ಲಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದರು. ಹುಳ ಹಾರಿ ಹೊರಟ ಕೂಡಲೇ ಕ್ಯಾಮೆರಾ ತಾನೇ ಶುರುವಾಗುತ್ತಿತ್ತು. ಮಸಿಯ ಕೆಲಸವೇ ಇಲ್ಲ.

ಬಂದೂಕಿನ ಚಿತ್ರ ಕೆಳಗೆ ಬರೆದಿದ್ದೇನೆ. ಚಕ್ರದಲ್ಲಿ 12 ಕಿಂಡಿ ಇರಬೇಕಿತ್ತು, ಜಾಗ ಸಾಲದೆ 9 ಮಾತ್ರ ಬಂದಿವೆ.