ಪಂಡಿತಾ ರಮಾಬಾಯಿಯವರ ಸ್ತೋತ್ರಾರ್ಪಣೆ

ಸುಗ್ಗಿಯಲ್ಲಿ ನಾವು ಭತ್ತವನ್ನು ದೇವಾಲಯಕ್ಕೆ ತಂದು ಕರ್ತನನ್ನು ಸ್ತುತಿಸುವೆವಷ್ಟೆ. ನಮ್ಮ ಮಗ್ಗೆಯ ಬೆಟ್ಟಗಳು ಸೇರಿರುವ ಪಶ್ಚಿಮ ಘಟ್ಟದಲ್ಲಿಯೇ, ಗಂಗಾಮೂಲದ ಅರಣ್ಯದಲ್ಲಿ, 1858ರಲ್ಲಿ ರಮಾಬಾಯಿಯವರು ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಹುಟ್ಟಿದರು. ಸಂಸ್ಕೃತವನ್ನು ತಾಯಿಯೇ ಕಲಿಸಿದರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋಗಲು, ಅಣ್ಣತಂಗಿಯರಿಬ್ಬರೇ ಕಾಲ್ನಡೆಯಾಗಿ ದೇಶದೇಶ ಅಲೆದರು. ಕಾಡಿನ ಎಲೆಗಳನ್ನು ತಿಂದು ಜೀವ ಹಿಡಿದ ದಿನಗಳವು.

1882ರಲ್ಲಿ ವಿಧವೆಯಾದ ಅವರು ಮರುವರುಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು.

ಹೊಟ್ಟೆ ತುಂಬಿದ ಮೇಲೆ ಹಸಿದ ದಿನವನ್ನು ಮರೆಯಬಯಸುವುದು ಮನುಷ್ಯಸ್ವಭಾವ, ನಾನೂ ಅಂಥವನೇ. ರಮಾಬಾಯಿಯವರಾದರೋ ಮರೆಯಲಿಲ್ಲ. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲವೆಂದು ಕೇಳಿದೊಡನೆ, ತಮ್ಮನ್ನು ಬದುಕಿಸಿದ ದೇವರಿಗೆ ಸಲ್ಲತಕ್ಕ ಕೃತಜ್ಞತೆಯು ಅಲ್ಲಿದೆಯೆಂದು ಹೊರಟರು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಅವರಿಗಾಗಿ ಮುಕ್ತಿಸದನವನ್ನು ಕಟ್ಟಿದರು. ಅಲ್ಲಿ ಅವರು ಓದು, ಬೇಸಾಯ, ನೇಯ್ಗೆ, ಅಚ್ಚಿನ ಕೆಲಸಗಳನ್ನು ಕಲಿತರು. 1900ರ ಗುಜರಾತಿನ ಬರದಲ್ಲಿಯೂ ಹಾಗೆಯೇ ನೂರಾರು ಮಂದಿಯನ್ನು ಸೇರಿಸಿಕೊಂಡರು.

ಒಬ್ಬಳೇ ಮಗಳಾದ ಮನೋರಮೆಯು 1921ರಲ್ಲಿ ಮೃತಳಾದಳು. ಆ ದುಃಖದಲ್ಲಿಯೂ ತಾಯಿಯು ಮರಾಠಿ ಸತ್ಯವೇದದ ಭಾಷಾಂತರವನ್ನು ಕೈಬಿಡದೆ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.