ಹಾರ್ಮೋನಿಯಮನ್ನು ರಚಿಸಿದ ದೆಬೇನನ ಜೀವಿತ

ಹಡಗಿನಲ್ಲಿ ಕಡಲಾಚೆಯಿಂದ ಬಂದ ಎರಡು ಹಳೆಯ ಹಾರ್ಮೋನಿಯಮುಗಳನ್ನು ತರುವದಕ್ಕೆ ನಾವು ಮನೆಮಂದಿಯೊಡನೆ ದೇವದುರ್ಗದಿಂದ ರಾಯಚೂರಿಗೆ ಹೋದೆವು. ಕಾಲಿನಿಂದ ತಿದಿಯೊತ್ತಿ ನುಡಿಸುವ ವಾದ್ಯಗಳವು. ಒಂದನ್ನು ಮಾನವಿಯ ಸಭೆಗೆ ಒಪ್ಪಿಸಿ ಇನ್ನೊಂದನ್ನು ಊರಿಗೆ ತಂದೆವು. ಇದನ್ನು ಮಾಡಿದವನಾರೆಂದು ಮಕ್ಕಳು ದಾರಿಯಲ್ಲಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ.

ಅಲೆಕ್ಸಾಂದ್ರ ದೆಬೇನನು 1809ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಹುಟ್ಟಿದನು. ವಾದ್ಯ ಕಟ್ಟುವ ಕಸುಬನ್ನು ಕಲಿತು 1834ರಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದನು. ಕೊಳವೆಗಳುಳ್ಳ ದೊಡ್ಡ ಆರ್ಗನ್ನು ಬಡ ಸಭೆಗಳಿಗೆ ನಿಲುಕದ ವಸ್ತುವಾಗಿತ್ತು. ತಿದಿಯ ಗಾಳಿಗೆ ಲೋಹದ ನಾಲಿಗೆಗಳು ಅದುರಿ ನುಡಿಯುವ ವಾದ್ಯಗಳು ಮೊದಲೇ ಇದ್ದವು. ದೆಬೇನನು ಅವುಗಳನ್ನು ತಿದ್ದಿ, ಚಿಕ್ಕ ಪೆಟ್ಟಿಗೆಯೊಂದನ್ನು ರಚಿಸಿ, ಹಾರ್ಮೋನಿಯಮ್ ಎಂದು ಹೆಸರಿಟ್ಟು, 1842ರಲ್ಲಿ ಸರಕಾರದಿಂದ ಹಕ್ಕುಪತ್ರವನ್ನು ಪಡೆದನು. ಆ ಹೆಸರನ್ನು ಅವನು ತನಗಾಗಿಯೇ ಕಾದುಕೊಂಡದ್ದರಿಂದ ಇತರರು ತಮ್ಮ ವಾದ್ಯಗಳಿಗೆ ಬೇರೆ ಹೆಸರುಗಳನ್ನು ಹುಡುಕಬೇಕಾಯಿತು. 1877ರಲ್ಲಿ ಅವನು ತೀರಿಕೊಂಡನು.

ಅಷ್ಟರೊಳಗೆ, 1871ರಲ್ಲಿ, ಮುಂಬಯಿಯ ರೈಲುದಾರಿಯು ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿ, ಹಡಗಿನ ಸರಕು ನಮ್ಮ ಸೀಮೆಗೆ ಬರುವದು ಸುಲಭವಾಗಿತ್ತು. ಆ ಶತಮಾನ ಮುಗಿಯುವ ಮೊದಲೇ ಕಲ್ಕತ್ತೆಯ ದ್ವಾರಕಾನಾಥ ಘೋಷನು ಕಾಲುತಿದಿಯನ್ನು ತೆಗೆದು, ಬೆನ್ನಿಗೆ ಕೈತಿದಿಯನ್ನಿಟ್ಟು, ನೆಲದ ಮೇಲೆ ಕುಳಿತು ಹಾಡುವವರಿಗೆ ಅದನ್ನು ಒಗ್ಗಿಸಿದನು. ಆ ಬಳಿಕ ಅದು ಪ್ರಾರ್ಥನೆಗೂ ಭಜನೆಗೂ ನಾಟಕಕ್ಕೂ ಒದಗಿತು.

ದೆಬೇನನು ಬೇಲಿಯಿಕ್ಕಿ ಕಾದ ಹೆಸರು ಇಂದು ಎಲ್ಲರ ಬಾಯಲ್ಲಿದೆ. ಅವನ ಹೆಸರನ್ನು ಬಲ್ಲವರೋ ನಮ್ಮ ಹಳ್ಳಿಗಳಲ್ಲಿ ವಿರಳ. ಹಕ್ಕುಪತ್ರವು ಕೆಲವು ಕಾಲ ನಿಂತಿತು, ಕೈಗೆಲಸವು ಉಳಿಯಿತು. ತಿದಿಯನ್ನೊತ್ತುವಾಗ ಆ ಕೆಲಸಗಾರನನ್ನು ನೆನೆಯುವದು ನಮಗೆ ತಕ್ಕದ್ದು.