ಜೇನಿನ ನರ್ತನವನ್ನು ಓದಿದ ಕಾರ್ಲ್ ಫಾನ್ ಫ್ರಿಶ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಕಾಫಿ ಹೂವರಳಿತೆಂದರೆ ತೋಟದ ತುಂಬ ಜೇನಿನ ಝೇಂಕಾರ. ಪೆಟ್ಟಿಗೆಯ ತುಡುವೆಯೂ ಹೆಮ್ಮರದ ಹೆಜ್ಜೇನೂ ನಮಗೆ ಬಾಲ್ಯದಿಂದಲೇ ಪರಿಚಿತ. ಆದರೆ ಒಂದು ಹುಳು ಕಂಡ ಹೂವಿನ ಸುದ್ದಿ ಗೂಡಿನ ಉಳಿದವಕ್ಕೆ ತಿಳಿಯುವ ಬಗೆಯನ್ನು ಲೋಕಕ್ಕೆ ಬಿಡಿಸಿ ತೋರಿದವರು ಕಾರ್ಲ್ ಫಾನ್ ಫ್ರಿಶ್ ಅವರು.

ಇವರು 1886ನೆಯ ನವೆಂಬರ್ 20ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆ ಶಸ್ತ್ರವೈದ್ಯರು. ಸೋದರಮಾವ ಸಿಗ್ಮಂಡ್ ಎಕ್ಸ್‌ನರ್ ಕೀಟಗಳ ಕಣ್ಣಿನ ರಚನೆಯನ್ನು ಶೋಧಿಸಿದ ಶರೀರಶಾಸ್ತ್ರಜ್ಞರು. ಬಾಲಕನು ಮನೆಯನ್ನೇ ಪ್ರಾಣಿಶಾಲೆಯನ್ನಾಗಿ ಮಾಡಿಕೊಂಡಿದ್ದನಂತೆ! ಮೊದಲು ವೈದ್ಯಕೀಯಕ್ಕೆ ಸೇರಿದರೂ ಅದನ್ನು ಬಿಟ್ಟು ಪ್ರಾಣಿಶಾಸ್ತ್ರವನ್ನು ಹಿಡಿದರು.

ಕೀಟಗಳಿಗೆ ಬಣ್ಣ ತಿಳಿಯದೆಂದು ಆಗ ಪ್ರಸಿದ್ಧ ನೇತ್ರತಜ್ಞರಾದ ಹೆಸ್ ಎಂಬವರು ಸಾಧಿಸುತ್ತಿದ್ದರು. ತರುಣ ಫ್ರಿಶ್ ಅವರು ಬೂದುಬಣ್ಣದ ಹಲವು ಛಾಯೆಗಳ ಕಾಗದಗಳ ನಡುವೆ ಒಂದು ನೀಲಿ ಕಾಗದವನ್ನಿರಿಸಿ, ಅದರ ಮೇಲೆ ಮಾತ್ರ ಸಕ್ಕರೆನೀರನ್ನಿಟ್ಟರು. ಅನಂತರ ಕಾಗದಗಳ ಸ್ಥಾನ ಬದಲಿಸಿ ಬರಿದಾದ ಬಟ್ಟಲನ್ನಿಟ್ಟರೂ ಜೇನುಗಳು ನೀಲಿಯನ್ನೇ ಹುಡುಕಿ ಬಂದವು. ನಮ್ಮ ಶಾಲೆಯ ಮಕ್ಕಳೂ ಮಾಡಬಹುದಾದ ಪ್ರಯೋಗವಿದು.

ಗೂಡಿನಲ್ಲಿ ಜೇನು ಆಡುವ ನರ್ತನಗಳೆರಡು: ವೃತ್ತವಾಗಿ ಸುತ್ತುವುದೊಂದು, ಒಡಲನ್ನು ಅಲುಗಿಸುತ್ತ ನೇರವಾಗಿ ಸಾಗುವುದು ಮತ್ತೊಂದು. ಮೊದಲನೆಯದು ಮಕರಂದಕ್ಕೆ, ಎರಡನೆಯದು ಪರಾಗಕ್ಕೆ ಎಂದು 1920ರ ದಶಕದಲ್ಲಿ ಅವರು ಸಾರಿದ್ದರು, ಅದು ತಪ್ಪಾಗಿತ್ತು. 1944ರ ಬೇಸಿಗೆಯಲ್ಲಿ ಬಟ್ಟಲನ್ನು ದೂರಕ್ಕೊಯ್ದಾಗ ಸಕ್ಕರೆನೀರು ಕುಡಿದು ಬಂದವೂ ಒಡಲಲುಗಿಸಿ ಕುಣಿದವು. ನರ್ತನದ ಅರ್ಥ ಆಹಾರದ ಬಗೆಯಲ್ಲ, ದೂರ. ದಿಕ್ಕೂ ಅದರಲ್ಲಿಯೇ ಅಡಗಿದೆ: ನೆಟ್ಟನೆಯ ಎರಿಯಲ್ಲಿ ಮೇಲ್ಮುಖವಾಗಿ ಓಡಿದರೆ ಸೂರ್ಯನ ಕಡೆಗೆ, ಓರೆಯಾಗಿ ಓಡಿದರೆ ಸೂರ್ಯನಿಂದ ಅಷ್ಟೇ ಕೋನಕ್ಕೆ. ಇಪ್ಪತ್ತು ವರ್ಷಗಳ ತಮ್ಮ ಸಿದ್ಧಾಂತವನ್ನು ಅವರು ತಾವೇ ತಿದ್ದಿಕೊಂಡರು. ದೊಡ್ಡ ಹೆಸರು ಬಂದ ಮೇಲೆ ಇಂತಹುದು ಸುಲಭವಲ್ಲ.

ಕಾಲವೂ ವಿಷಮವಾಗಿತ್ತು. ತಾಯಿಯ ಕಡೆಯ ಅಜ್ಜಿ ಯೆಹೂದಿ ಮೂಲದವರೆಂಬ ಕಾರಣಕ್ಕೆ 1941ರಲ್ಲಿ ನಾಟ್ಸಿ ಸರ್ಕಾರ ಅವರನ್ನು ಮ್ಯೂನಿಕ್ ವಿಶ್ವವಿದ್ಯಾನಿಲಯದ ಹುದ್ದೆಯಿಂದ ತೆಗೆಯಲು ನಿಶ್ಚಯಿಸಿತು. ಅದೇ ಸಮಯಕ್ಕೆ ನೊಸೀಮಾ ಎಂಬ ರೋಗದಿಂದ ಲಕ್ಷಾಂತರ ಜೇನುಕುಟುಂಬಗಳು ಅಳಿದವು. ಅದರ ಪರಿಹಾರಕ್ಕೆ ಇವರೇ ಬೇಕಾದ್ದರಿಂದ ಆಜ್ಞೆ ಮುಂದಕ್ಕೆ ಹೋಯಿತು. ಸಾಕಿದ ಜೇನೇ ಅವರನ್ನು ಕಾಯಿತೆನ್ನಬೇಕು.

1973ರಲ್ಲಿ ಲೊರೆಂಟ್ಸ್ ಮತ್ತು ಟಿನ್‌ಬರ್ಗನ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. 1982ರ ಜೂನ್ 12ರಂದು ಅವರು ಮ್ಯೂನಿಕ್ಕಿನಲ್ಲಿ ಕಾಲವಾದರು.

ಸಾಸಿವೆ ಕಾಳಿಗಿಂತ ಹಿರಿದಲ್ಲದ, ಸುಮಾರು 10 ಲಕ್ಷ ನರಕೋಶಗಳ ಮಿದುಳು ಈ ಕೋನವನ್ನೂ ದೂರವನ್ನೂ ಲೆಕ್ಕ ಹಾಕುವುದೆಂತು? ಈ ಪ್ರಶ್ನೆಯನ್ನು ಅವರ ನಂತರದವರು ಕೈಗೆತ್ತಿಕೊಂಡರು. ಆಕಾಶದ ಬೆಳಕಿನ ಧ್ರುವೀಕರಣವನ್ನು ಕಣ್ಣಿನ ಮೇಲಂಚು ಗ್ರಹಿಸುತ್ತದೆ. ಆ ಸಂದೇಶ ಮಿದುಳಿನ ನಡುಭಾಗದ ನರಜಾಲವನ್ನು ಸೇರಿ ದಿಕ್ಸೂಚಿಯಾಗುತ್ತದೆ ಎಂಬಷ್ಟು ಈಗ ತಿಳಿದಿದೆ. ಬೆಂಗಳೂರಿನಲ್ಲಿ ತುಡುವೆ, ಹೆಜ್ಜೇನು, ಕೋಲುಜೇನುಗಳನ್ನು ಹೋಲಿಸಿ ನಡೆಸಿದ ಸಂಶೋಧನೆ 2020ರಲ್ಲಿ ಪ್ರಕಟವಾಯಿತು. ಒಂದೇ ದೂರವನ್ನು ಹೇಳಲು ತುಡುವೆ ಹೆಚ್ಚು ಹೊತ್ತು ಒಡಲಲುಗಿಸುತ್ತದೆ. ಬಹುದೂರ ಹಾರುವ ಹೆಜ್ಜೇನಿಗೆ ಕಡಿಮೆ ಹೊತ್ತು ಸಾಕು.